18 ಮಿ.ಮೀ. ಇಲ್ಲದ 18 ಮಿ.ಮೀ. ಪ್ಲೈವುಡ್: ಮನೆಯ ಮರಗೆಲಸಕ್ಕೆ ಅಗ್ಗದ ವಿನ್ಯಾಸ ತಂತ್ರಾಂಶ ಆರಿಸಿದ ದಾಖಲೆ

ದಾವಣಗೆರೆಯ ಪಿ.ಜೆ. ಬಡಾವಣೆಯ ಹಳೆಯ ಮನೆಯೊಂದರ ಓದುವ ಕೋಣೆಯಲ್ಲಿ, ಎರಡು ಗೋಡೆಗಳ ನಡುವಿನ ಜಾಗಕ್ಕೆ ಸರಿಯಾಗಿ ಕೂರುವ ಮೇಜನ್ನೂ ಅದರ ಬಲಬದಿಗೆ ಮೂರು ಡ್ರಾಯರ್‌ಗಳ ಪೆಟ್ಟಿಗೆಯನ್ನೂ ಮಾಡುವುದು ಕೆಲಸವಾಗಿತ್ತು. ಕಾಗದದ ಮೇಲೆ ಗೀಚಿಕೊಂಡು ಪೆಟ್ಟಿಗೆ, ಸ್ಟೂಲು, ಚಪ್ಪಲಿ ಸ್ಟ್ಯಾಂಡು ಮಾಡುವ ತನಕ ಯಾವ ತಂತ್ರಾಂಶದ ಅಗತ್ಯವೂ ಬೀಳಲಿಲ್ಲ. ಡ್ರಾಯರ್ ಬಂದ ಕೂಡಲೇ ಲೆಕ್ಕ ಬದಲಾಗುತ್ತದೆ. ಒಂದು ಹಲಗೆಯ ದಪ್ಪ ತುಸು ಆಚೀಚೆಯಾದರೆ ಇನ್ನಾರು ಹಲಗೆಗಳ ಅಳತೆ ಬದಲಾಗಬೇಕಾಗುತ್ತದೆ. ಹಣ ಕೊಡದೆ ಅಥವಾ ತೀರಾ ಕಡಿಮೆ ಖರ್ಚಿನಲ್ಲಿ ಸಿಗುವ ತಂತ್ರಾಂಶಗಳಲ್ಲಿ ಈ ಲೆಕ್ಕವನ್ನು ಯಾವುದು ನೆಟ್ಟಗೆ ಮಾಡಿಕೊಡುತ್ತದೆ ಎಂದು ನೋಡಿದ ಕ್ರಮವನ್ನು, ಮೇಜು ಮುಗಿದ ಮೇಲೆ, ಇಲ್ಲಿ ಬರೆದಿಟ್ಟಿದ್ದೇನೆ.

ಹಂತ 1: ಅಳತೆ

ಗೋಡೆಯಿಂದ ಗೋಡೆಗೆ ನೆಲಮಟ್ಟದಲ್ಲಿ 1214 ಮಿ.ಮೀ., ಮೇಜಿನ ಎತ್ತರದಲ್ಲಿ 1203 ಮಿ.ಮೀ. ಬಂತು. ಹಳೆಯ ಗಾರೆ ಗೋಡೆಗಳಲ್ಲಿ ಇದು ಸಾಮಾನ್ಯ. ಇಕ್ಕಟ್ಟಾದ ಅಳತೆಯಿಂದ 6 ಮಿ.ಮೀ. ಬಿಟ್ಟು ಮೇಜಿನ ಉದ್ದವನ್ನು 1197 ಮಿ.ಮೀ. ಎಂದು ಗೊತ್ತುಮಾಡಿದೆ, ಆಳ 550, ಎತ್ತರ 750, ಡ್ರಾಯರ್ ಪೆಟ್ಟಿಗೆಯ ಹೊರ ಅಗಲ 400.

ಪ್ಲೈವುಡ್ ಅಂಗಡಿಯಲ್ಲಿ 18 ಮಿ.ಮೀ. ಎಂದು ಕೊಟ್ಟ ಹಾಳೆಯನ್ನು ದಪ್ಪವನ್ನು ಮಿಲಿಮೀಟರಿನ ಸಣ್ಣ ಪಾಲಿನವರೆಗೂ ಅಳೆಯುವ ವರ್ನಿಯರ್ ಕ್ಯಾಲಿಪರ್‌ನಲ್ಲಿ ಹಿಡಿದಾಗ 17.4 ಬಂತು, 12 ಮಿ.ಮೀ. ಹಾಳೆ 11.6. ವರ್ನಿಯರ್ ನನ್ನದಲ್ಲ, ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಯಂತ್ರಗಳ ನಡುವೆ ದುಡಿದು ನಿವೃತ್ತರಾದ ಪಕ್ಕದ ಮನೆಯ ಹಿರಿಯರದು. ‘ಮ್ಯಾಲ ಬರದಿದ್ದ ದಪ್ಪ ನಂಬಬ್ಯಾಡ್ರಿ, ನಾಕು ಮೂಲ್ಯಾಗೂ ಹಿಡದು ನೋಡ್ರಿ’ ಎಂದು ಹೇಳಿಯೇ ಅವರು ಅದನ್ನು ಕೈಗೆ ಕೊಟ್ಟದ್ದು. ಇದರಲ್ಲಿ ಅಂಗಡಿಯವರ ಮೋಸವೇನೂ ಇಲ್ಲ. ಪ್ಲೈವುಡ್ಡಿನ ದಪ್ಪದಲ್ಲಿ ಅಷ್ಟಿಷ್ಟು ವ್ಯತ್ಯಾಸಕ್ಕೆ ಮಾನಕದಲ್ಲೇ ಅವಕಾಶವಿದೆ.

ದಪ್ಪದ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಹೊರಮೈಗೆ 1 ಮಿ.ಮೀ. ಲ್ಯಾಮಿನೇಟು, ಒಳಮೈಗೆ 0.8 ಮಿ.ಮೀ. ಲೈನರ್ ಎಂಬ ತೆಳು ಹಾಳೆ ಅಂಟಿಸುವುದು ನಮ್ಮ ಕಡೆಯ ರೂಢಿ. ಒಂದೇ ಮೈಗೆ ಅಂಟಿಸಿದರೆ ಹಲಗೆ ಬಾಗುವ ಸಾಧ್ಯತೆ ಇರುವುದರಿಂದ ಇದು ಒಳ್ಳೆಯ ರೂಢಿಯೇ. ಒಂದು ತುಂಡಿಗೆ ಎರಡೂ ಬದಿ ಅಂಟಿಸಿ, ಫೆವಿಕಾಲ್ ಒಣಗಿದ ಮೇಲೆ ಅಳೆದಾಗ 19.2 ಮಿ.ಮೀ. ಬಂತು. ಮುಂದಿನ ಎಲ್ಲ ಲೆಕ್ಕಕ್ಕೂ ಈ ಸಂಖ್ಯೆಯೇ ಆಧಾರ.

ಹಂತ 2: ಎಲ್ಲ ತಂತ್ರಾಂಶಕ್ಕೂ ಒಂದೇ ಪರೀಕ್ಷೆ

ಅಂತರ್ಜಾಲದಲ್ಲಿ ಹುಡುಕಿದರೆ ಯಾವ ತಂತ್ರಾಂಶದ ಚಿತ್ರ ಎಷ್ಟು ಚೆಂದ, ಯಾವುದನ್ನು ಕಲಿಯುವುದು ಎಷ್ಟು ಸುಲಭ ಎಂಬ ಹೋಲಿಕೆಗಳು ಬೇಕಾದಷ್ಟು ಸಿಗುತ್ತವೆ. ನನಗೆ ಬೇಕಾಗಿದ್ದು ಕೊಯ್ಯುವ ಹೊತ್ತಿನಲ್ಲಿ ಕೈಯಲ್ಲಿ ಹಿಡಿಯುವ ಕಟಿಂಗ್ ಲಿಸ್ಟು, ಅಂದರೆ ಯಾವ ಹಲಗೆ ಯಾವ ಅಳತೆಗೆ ಎಂಬ ಪಟ್ಟಿ. ಆದ್ದರಿಂದ ಇಡೀ ಮೇಜನ್ನು ಬಿಟ್ಟು ಡ್ರಾಯರ್ ಪೆಟ್ಟಿಗೆಯನ್ನಷ್ಟೇ ಪರೀಕ್ಷೆಗೆ ಇಟ್ಟುಕೊಂಡೆ.

ಪೆಟ್ಟಿಗೆಯ ಹೊರ ಅಗಲ 400. ಎರಡೂ ಬದಿಯ ಹಲಗೆ 18 ಎಂದು ಹಿಡಿದರೆ ಒಳಗೆ ಉಳಿಯುವುದು 364. ಡ್ರಾಯರ್ ಜಾರಲು ಹಾಕುವ ಲೋಹದ ಹಳಿಗೆ, ಅಂದರೆ ಟೆಲಿಸ್ಕೋಪಿಕ್ ಚಾನೆಲ್‌ಗೆ, ಒಂದೊಂದು ಬದಿಗೆ 13 ಮಿ.ಮೀ.ಯಂತೆ 26 ಕಳೆದರೆ ಡ್ರಾಯರ್‌ನ ಹೊರ ಅಗಲ 338. ಹಲಗೆಯ ನಿಜವಾದ ದಪ್ಪ 19.2 ಆದಾಗ ಒಳ ಅಗಲ 361.6ಕ್ಕೂ ಡ್ರಾಯರ್ 335.6ಕ್ಕೂ ಇಳಿಯುತ್ತದೆ. 338ಕ್ಕೆ ಕೊಯ್ದು ಜೋಡಿಸಿದ ಡ್ರಾಯರು 2.4 ಮಿ.ಮೀ. ಹೆಚ್ಚಾಗಿ, ಚಾನೆಲ್‌ನ ಗುಂಡುಗಳು ಬಿಗಿದು, ಅರ್ಧಕ್ಕೇ ನಿಲ್ಲುತ್ತದೆ. ಡ್ರಾಯರು ತುಸು ಚಿಕ್ಕದಾದರೆ ಚಾನೆಲ್‌ನ ಹಿಂದೆ ತಗಡಿನ ಚೂರು ಕೊಟ್ಟು ಸರಿಮಾಡಬಹುದು. ದೊಡ್ಡದಾದರೆ ಬಿಚ್ಚಿ ಮತ್ತೆ ಕೊಯ್ಯದೆ ಬೇರೆ ದಾರಿ ಇಲ್ಲ.

ಪರೀಕ್ಷೆ ಇಷ್ಟೇ: ಮೊದಲು 18 ಎಂದು ಬರೆದು ಪೆಟ್ಟಿಗೆ ಮತ್ತು ಒಂದು ಡ್ರಾಯರ್ ಮುಗಿಸುವುದು, ಆಮೇಲೆ ಒಂದೇ ಕಡೆ 19.2 ಎಂದು ತಿದ್ದುವುದು. ಡ್ರಾಯರು ತಾನಾಗಿ 335.6ಕ್ಕೆ ಬರಬೇಕು. ಜೊತೆಗೆ, ವಿದ್ಯುತ್ ಹೋಗಿ ಮೋಡೆಮ್ ಆರಿದಾಗಲೂ ಕೆಲಸ ನಡೆಯುತ್ತದೆಯೇ ಎಂಬುದನ್ನೂ ನೋಡಬೇಕಿತ್ತು. ಬೇಸಿಗೆಯ ಮಧ್ಯಾಹ್ನ ಇಲ್ಲಿ ಅದು ಸಣ್ಣ ವಿಚಾರವಲ್ಲ.

ಹಂತ 3: ಸ್ಕೆಚ್‌ಅಪ್

ಮರಗೆಲಸದವರೆಲ್ಲ ಮೊದಲು ಹೇಳುವ ಹೆಸರು ಇದೇ. ಹಿಂದೆ ಗೂಗಲ್‌ನ ಬಳಿಯಿದ್ದ ಈ ತಂತ್ರಾಂಶ 2012ರಲ್ಲಿ ಟ್ರಿಂಬಲ್ ಕಂಪನಿಗೆ ಹೋಯಿತು. ಕಂಪ್ಯೂಟರಿಗೆ ಇಳಿಸಿಕೊಳ್ಳುವ ಉಚಿತ ಆವೃತ್ತಿ 2017ರ ‘ಮೇಕ್’ನೊಂದಿಗೆ ನಿಂತಿತು. ಈಗ ಉಚಿತವಾಗಿ ಸಿಗುವುದು ಬ್ರೌಸರ್‌ನಲ್ಲಿ ನಡೆಯುವ ‘ಸ್ಕೆಚ್‌ಅಪ್ ಫ್ರೀ’, ಅದೂ ಸ್ವಂತ ಬಳಕೆಗೆ ಮಾತ್ರ. ದುಡ್ಡಿಗೆ ಕೆಲಸ ಮಾಡಿಕೊಡುವವರು ಚಂದಾ ಕಟ್ಟಬೇಕು.

ಕಲಿಯಲು ಇದಕ್ಕಿಂತ ಸುಲಭದ್ದನ್ನು ನಾನು ಕಂಡಿಲ್ಲ. ಆಯತ ಬರೆದು, ಎಳೆದು, ಸಂಖ್ಯೆ ಒತ್ತಿದರೆ ಹಲಗೆ ಸಿದ್ಧ. ಪ್ರತಿ ಹಲಗೆಯನ್ನೂ ಬರೆದ ತಕ್ಷಣ ಕಾಂಪೊನೆಂಟ್, ಅಂದರೆ ಪ್ರತ್ಯೇಕ ಬಿಡಿಭಾಗ, ಮಾಡಿಬಿಡಬೇಕು ಎಂಬುದೊಂದೇ ಎಚ್ಚರಿಕೆ. ಹಾಗೆ ಮಾಡದಿದ್ದರೆ ಪಕ್ಕದ ಹಲಗೆಯ ಗೆರೆಗಳೊಂದಿಗೆ ಅಂಟಿಕೊಂಡು, ಒಂದನ್ನು ಸರಿಸಿದರೆ ಇನ್ನೊಂದು ಸೊಟ್ಟಗಾಗುತ್ತದೆ. ಮೇಜು ಆ ಮೂಲೆಯಲ್ಲಿ ಹೇಗೆ ಕಾಣುತ್ತದೆ ಎಂದು ಮನೆಯವರಿಗೆ ತೋರಿಸಿ ಒಪ್ಪಿಗೆ ಪಡೆದದ್ದು ಇದರಲ್ಲೇ.

ದಪ್ಪದ ಪರೀಕ್ಷೆಯಲ್ಲಿ ಮಾತ್ರ ಇದು ನಿಲ್ಲಲಿಲ್ಲ. ಎರಡೂ ಬದಿಯ ಹಲಗೆ ಒಂದೇ ಕಾಂಪೊನೆಂಟಿನ ಪ್ರತಿಗಳಾಗಿದ್ದರಿಂದ ಒಂದನ್ನು 19.2ಕ್ಕೆ ಎಳೆದಾಗ ಇನ್ನೊಂದೂ ಬದಲಾಯಿತು, ಸರಿ. ಆದರೆ ತಳದ ಹಲಗೆ 364ರಲ್ಲೇ ನಿಂತಿತು, ಡ್ರಾಯರ್ 338ರಲ್ಲೇ ಉಳಿಯಿತು. ಒಂದೊಂದನ್ನೂ ಕೈಯಿಂದ ಕುಗ್ಗಿಸಿ, ಸರಿಸಿ, ಮತ್ತೆ ಅಳೆಯಬೇಕಾಯಿತು. ಮೂರು ಡ್ರಾಯರ್‌ಗಳ ಪೆಟ್ಟಿಗೆಯಲ್ಲಿ ಹೀಗೆ ತಿದ್ದುವಾಗ ಒಂದು ಹಲಗೆ ತಪ್ಪಿಹೋದರೂ ಪರದೆಯ ಮೇಲೆ ಗೊತ್ತಾಗುವುದಿಲ್ಲ, ಏಕೆಂದರೆ 2.4 ಮಿ.ಮೀ. ಅಷ್ಟು ದೂರದಿಂದ ಕಣ್ಣಿಗೆ ಕಾಣುವ ಅಂತರವಲ್ಲ.

ಕಟಿಂಗ್ ಲಿಸ್ಟ್ ತೆಗೆಯಲು ‘ಓಪನ್‌ಕಟ್‌ಲಿಸ್ಟ್’ ಎಂಬ ಉಚಿತ ವಿಸ್ತರಣೆ ಇದೆ, ಬಹಳ ಒಳ್ಳೆಯದು. ಆದರೆ ವಿಸ್ತರಣೆಗಳನ್ನು ಬ್ರೌಸರಿನ ಉಚಿತ ಆವೃತ್ತಿಗೆ ಸೇರಿಸಲು ಬರುವುದಿಲ್ಲ. ಕಂಪ್ಯೂಟರಿನಲ್ಲಿ ಕೂರುವ ಆವೃತ್ತಿಯೇ ಬೇಕು. ಹಳೆಯ 2017ರ ‘ಮೇಕ್’ ಇನ್ನೂ ಇಟ್ಟುಕೊಂಡವರಿಗೆ ಈ ಜೋಡಿ ಸಾಕೆಂದು ನನಗನಿಸುತ್ತದೆ. ನನ್ನ ಬಳಿ ಅದಿರಲಿಲ್ಲ.

ಹಂತ 4: ಫ್ಯೂಷನ್, ಆನ್‌ಶೇಪ್, ಮತ್ತು ಬಿಟ್ಟವು

ಆಟೋಡೆಸ್ಕ್‌ನ ಫ್ಯೂಷನ್ ಸ್ವಂತ ಬಳಕೆಗೆ ಉಚಿತ. ಅಳತೆಗಳಿಗೆ ಹೆಸರು ಕೊಟ್ಟು ಸೂತ್ರ ಬರೆಯುವ ಸೌಲಭ್ಯವಿರುವುದರಿಂದ ದಪ್ಪದ ಪರೀಕ್ಷೆಯನ್ನು ಅದು ನಿರಾಯಾಸವಾಗಿ ದಾಟುತ್ತದೆ. ಉಚಿತ ಖಾತೆಯಲ್ಲಿ ಒಮ್ಮೆಗೆ 10 ದಾಖಲೆಗಳನ್ನಷ್ಟೇ ತಿದ್ದುವ ಸ್ಥಿತಿಯಲ್ಲಿ ಇಟ್ಟುಕೊಳ್ಳಬಹುದು. ಮನೆಯ ಕೆಲಸಕ್ಕೆ ಅದು ಅಡ್ಡಿಯಲ್ಲ. ನನಗೆ ಅಡ್ಡಿಯಾದದ್ದು ನನ್ನದೇ 4 ಜಿ.ಬಿ. ಮೆಮೊರಿಯ ಹಳೆಯ ಲ್ಯಾಪ್‌ಟಾಪು. ಒಳ್ಳೆಯ ಯಂತ್ರವೂ ಬಿಡುವಿಲ್ಲದ ಇಂಟರ್ನೆಟ್ಟೂ ಇರುವವರು, ಮುಂದೆ ಕಂಪ್ಯೂಟರ್ ನಡೆಸುವ ಕೊರೆಯುವ ಯಂತ್ರದ (ಸಿ.ಎನ್.ಸಿ. ರೌಟರ್) ಕಡೆ ಹೋಗುವ ಆಸೆ ಇರುವವರು, ಇದನ್ನೇ ಮೊದಲು ನೋಡುವುದು ಒಳ್ಳೆಯದು.

ಆನ್‌ಶೇಪ್ ಪೂರ್ತಿ ಬ್ರೌಸರ್‌ನಲ್ಲೇ ನಡೆಯುವುದರಿಂದ ಹಳೆಯ ಲ್ಯಾಪ್‌ಟಾಪಿನಲ್ಲೂ ತೆರೆಯಿತು. ಅದರ ಉಚಿತ ಖಾತೆಯಲ್ಲಿ ಮಾಡಿದ ವಿನ್ಯಾಸಗಳು ಎಲ್ಲರಿಗೂ ಕಾಣುತ್ತವೆ. ನನ್ನ ಮೇಜಿನ ಅಳತೆಯನ್ನು ಯಾರು ನೋಡಿದರೂ ನಷ್ಟವೇನಿಲ್ಲ. ಇಂಟರ್ನೆಟ್ ಇಲ್ಲದೆ ಒಂದು ಅಳತೆಯನ್ನೂ ತೆರೆಯಲಾಗದು ಎಂಬುದಷ್ಟೇ ಅದನ್ನು ಬಿಡಲು ಕಾರಣ.

ಲಿಬ್ರೆಕ್ಯಾಡ್ ಉಚಿತ, ಹಗುರ, ಆದರೆ ಎರಡು ಆಯಾಮದ ನಕ್ಷೆಗೆ ಮಾತ್ರ. ಸ್ವೀಟ್ ಹೋಮ್ 3ಡಿ ಕೋಣೆಯಲ್ಲಿ ಯಾವ ಸಾಮಾನು ಎಲ್ಲಿ ಎಂದು ನೋಡಲು ಚೆನ್ನಾಗಿದೆ, ಹಲಗೆಯ ಜೋಡಣೆಗೆ ಅಲ್ಲ. ಆಟೋಕ್ಯಾಡಿನ ಕಳ್ಳಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಕೊಡುತ್ತೇನೆಂದ ಮಿತ್ರರೂ ಇದ್ದರು. ಕಳ್ಳಪ್ರತಿ ಎಂಬುದನ್ನು ಬದಿಗಿಟ್ಟರೂ, ಒಂದು ಡ್ರಾಯರ್ ಪೆಟ್ಟಿಗೆಗೆ ಅಷ್ಟು ದೊಡ್ಡ ತಂತ್ರಾಂಶವನ್ನು ಕಲಿಯಲು ಕೂರುವಷ್ಟು ಬಿಡುವು ಯಾರಿಗಿದೆ?

ಹಂತ 5: ಫ್ರೀಕ್ಯಾಡ್

ಫ್ರೀಕ್ಯಾಡ್ ಮುಕ್ತ ತಂತ್ರಾಂಶ, ದುಡ್ಡಿಗೆ ಮಾಡುವ ಕೆಲಸಕ್ಕೂ ನಿರ್ಬಂಧವಿಲ್ಲ, ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಬಹಳ ವರ್ಷ ‘ಸೊನ್ನೆ ಪಾಯಿಂಟ್’ ಆವೃತ್ತಿಗಳಲ್ಲೇ ಇದ್ದ ಇದರ 1.0 ಆವೃತ್ತಿ 2024ರ ನವೆಂಬರ್‌ನಲ್ಲಿ ಬಂತು. ಲ್ಯಾಪ್‌ಟಾಪಿಗೆ 8 ಜಿ.ಬಿ. ಮೆಮೊರಿ ಮತ್ತು ಒಂದು ಎಸ್‌.ಎಸ್‌.ಡಿ. ಹಾಕಿಸಲು ಸುಮಾರು 3,500 ರೂಪಾಯಿ ಖರ್ಚಾಯಿತು. ಈ ಇಡೀ ಹುಡುಕಾಟದಲ್ಲಿ ತಂತ್ರಾಂಶದ ಲೆಕ್ಕಕ್ಕೆ ಬರುವ ಖರ್ಚು ಇದೊಂದೇ.

ಕಲಿಸುವ ವಿಡಿಯೋಗಳಲ್ಲಿ ಹೆಚ್ಚಿನವು ಲೋಹದ ಬಿಡಿಭಾಗ ಮಾಡುವವರಿಗಾಗಿ ಇವೆ. ಅವರು ಮೊದಲು ‘ಸ್ಕೆಚ್’ ಬರೆದು, ಅದಕ್ಕೆ ನಿರ್ಬಂಧಗಳನ್ನು ಹಾಕಿ, ಆಮೇಲೆ ಅದನ್ನು ಎತ್ತರಿಸುತ್ತಾರೆ. ನಾನೂ ಅದೇ ದಾರಿ ಹಿಡಿದು ಒಂದು ಬದಿಯ ಹಲಗೆಗೇ ಸಂಜೆಯೆಲ್ಲ ಕಳೆದೆ. ಪ್ಲೈವುಡ್ ಹಲಗೆಗೆ ಅಷ್ಟೆಲ್ಲ ಬೇಕಿಲ್ಲ. ‘ಪಾರ್ಟ್’ ವಿಭಾಗದಲ್ಲಿ ಸಿಗುವ ಕ್ಯೂಬನ್ನು ಒತ್ತಿ, ಅದರ ಉದ್ದ, ಅಗಲ, ಎತ್ತರದ ಖಾನೆಗಳನ್ನು ತುಂಬಿದರೆ ಹಲಗೆ ಬಂತು. ಚಚ್ಚೌಕ ತುಂಡುಗಳೇ ಇರುವ ಕೆಲಸಕ್ಕೆ ಈ ದಾರಿಯೇ ಸರಿ. ಕಮಾನು ಅಥವಾ ಕೊರೆತವಿದ್ದಾಗಷ್ಟೇ ಸ್ಕೆಚ್ಚಿಗೆ ಹೋದರೆ ಸಾಕು.

ಕ್ರಮ ಹೀಗಿತ್ತು. ಮೊದಲು ಅದರೊಳಗಿನ ‘ಸ್ಪ್ರೆಡ್‌ಶೀಟ್’ ತೆರೆದು ಹೊರ ಅಗಲ, ಆಳ, ಎತ್ತರ, ಮುಗಿದ ಹಲಗೆಯ ದಪ್ಪ, ಡ್ರಾಯರ್ ಹಲಗೆಯ ದಪ್ಪ, ಚಾನೆಲ್‌ಗೆ ಬಿಡುವ ಜಾಗ, ಫಲಕಗಳ ನಡುವಿನ ಸಂದು, ಇವುಗಳಿಗೆ ಒಂದೊಂದು ಕೋಶ ಕೊಟ್ಟು, ಪ್ರತಿ ಕೋಶಕ್ಕೂ ಅಡ್ಡಹೆಸರು ಇಟ್ಟೆ. ಅದರ ಕೆಳಗೆ ಲೆಕ್ಕದ ಸಾಲುಗಳು: ಒಳ ಅಗಲವೆಂದರೆ ಹೊರ ಅಗಲದಿಂದ ಎರಡು ದಪ್ಪ ಕಳೆದದ್ದು, ಡ್ರಾಯರ್ ಅಗಲವೆಂದರೆ ಒಳ ಅಗಲದಿಂದ 26 ಕಳೆದದ್ದು, ಡ್ರಾಯರ್‌ನ ಮುಂದು ಮತ್ತು ಹಿಂದಿನ ತುಂಡು ಅದರಿಂದ ಎರಡು 11.6 ಕಳೆದದ್ದು, ಅಂದರೆ 312.4. ಆಮೇಲೆ ಕ್ಯೂಬುಗಳ ಖಾನೆಗಳಲ್ಲಿ ಸಂಖ್ಯೆಯ ಬದಲು ಈ ಹೆಸರುಗಳನ್ನು ಸೂತ್ರವಾಗಿ ಬರೆದೆ.

ಇಲ್ಲಿ ಎರಡು ಕಡೆ ಕೆಲಸ ನಿಂತಿತು. ಒಂದು, ಕೆಲವು ಕೋಶಗಳಲ್ಲಿ ‘19.2 ಮಿ.ಮೀ.’ ಎಂದು ಮಾನದೊಂದಿಗೂ ಇನ್ನು ಕೆಲವದರಲ್ಲಿ ಬರೀ ‘26’ ಎಂದೂ ಬರೆದರೆ, ಕೂಡುವ ಕಳೆಯುವ ಹೊತ್ತಿಗೆ ಮಾನಗಳು ಹೊಂದುವುದಿಲ್ಲವೆಂದು ತಂತ್ರಾಂಶ ತಕರಾರು ತೆಗೆಯುತ್ತದೆ. ಎಲ್ಲ ಉದ್ದಗಳಿಗೂ ಮಾನ ಬರೆದರೆ ತಕರಾರು ಮುಗಿಯಿತು. ಎರಡನೆಯದು ಹೆಚ್ಚು ಮುಖ್ಯ: ಹಲಗೆಯ ಗಾತ್ರಕ್ಕೆ ಸೂತ್ರ ಕೊಟ್ಟು, ಅದರ ಜಾಗಕ್ಕೆ ಬರೀ ಸಂಖ್ಯೆ ಕೊಟ್ಟರೆ, ದಪ್ಪ ಬದಲಿಸಿದಾಗ ಗಾತ್ರ ಸರಿಯಾಗಿಯೇ ಬದಲಾದರೂ ಹಲಗೆಗಳು ಒಂದರೊಳಗೊಂದು ಹೊಕ್ಕು ಕೂರುತ್ತವೆ. ಪ್ಲೇಸ್‌ಮೆಂಟ್ ಎಂಬ ಸಾಲನ್ನು ಬಿಚ್ಚಿ, ಒಳಗಿನ ಎಕ್ಸ್, ವೈ, ಝಡ್ ಖಾನೆಗಳಿಗೂ ಸೂತ್ರ ಬರೆದ ಮೇಲೆ ಇಡೀ ಪೆಟ್ಟಿಗೆ ಒಟ್ಟಾಗಿ ಹಿಗ್ಗಿತು, ಒಟ್ಟಾಗಿ ಕುಗ್ಗಿತು.

18ನ್ನು 19.2 ಮಾಡಿದೆ. ತಳದ ಹಲಗೆ 361.6ಕ್ಕೂ ಡ್ರಾಯರ್ 335.6ಕ್ಕೂ ಬಂದು ನಿಂತವು. ಆರಿಸುವ ಕೆಲಸ ಅಲ್ಲಿಗೆ ಮುಗಿಯಿತು ಎನ್ನಬಹುದು.

ಇದರ ಕೊರತೆಗಳೂ ಇವೆ. ಗುಂಡಿಗಳು ಅತಿ, ವಿಭಾಗಗಳು ಅತಿ. ಮೊದಲ ವಾರ ಯಾವುದು ಎಲ್ಲಿದೆ ಎಂದು ಹುಡುಕುವುದರಲ್ಲೇ ಹೋಗುತ್ತದೆ. ಚಿತ್ರದ ಅಂದದಲ್ಲಿ ಸ್ಕೆಚ್‌ಅಪ್‌ಗೆ ಸಾಟಿಯಲ್ಲ. ಮರಗೆಲಸಕ್ಕೆಂದೇ ಒಂದು ಉಚಿತ ಸೇರ್ಪಡೆ ಇದ್ದು, ಆಡ್‌ಆನ್ ಮ್ಯಾನೇಜರ್ ಮೂಲಕ ಹಾಕಿಕೊಂಡರೆ ಬಿಡಿ ಹಲಗೆಗಳ ಪಟ್ಟಿಯನ್ನು ತಾನೇ ತೆಗೆದುಕೊಡುತ್ತದೆ.

ಹಂತ 6: ಮುಗಿದ ಅಳತೆ, ಕೊಯ್ಯುವ ಅಳತೆ

ತಂತ್ರಾಂಶದ ಪಟ್ಟಿಯನ್ನು ಹಾಗೆಯೇ ಕೊಯ್ಯಲು ಒಯ್ಯಬಾರದು, ಏಕೆಂದರೆ ಅದರಲ್ಲಿರುವುದು ಮುಗಿದ ಅಳತೆ. ಡ್ರಾಯರ್‌ನ ಮುಂಫಲಕವನ್ನೇ ನೋಡಿ. ಮೇಜಿನ ಎತ್ತರ 750ರಿಂದ ಮೇಲ್ಹಲಗೆಯ 19.2 ಕಳೆದರೆ ಬದಿಯ ಹಲಗೆ 730.8. ಕೆಳಗಿನ ಪೀಠಪಟ್ಟಿ 75 ಹೋಗಿ 655.8 ಉಳಿಯುತ್ತದೆ, 3 ಮಿ.ಮೀ.ಯ ಮೂರು ಸಂದು ಕಳೆದು ಮೂರರಿಂದ ಭಾಗಿಸಿದರೆ ಒಂದೊಂದು ಫಲಕ 215.6 ಎತ್ತರ. ಅಗಲ, ಎರಡೂ ಬದಿ ಒಂದೂವರೆ ಮಿ.ಮೀ. ಬಿಟ್ಟು, 397. ಆದರೆ ಫಲಕದ ನಾಲ್ಕೂ ಅಂಚಿಗೆ 0.8 ಮಿ.ಮೀ. ದಪ್ಪದ ಎಡ್ಜ್ ಬ್ಯಾಂಡ್, ಅಂದರೆ ಅಂಚು ಮುಚ್ಚುವ ಪಟ್ಟಿ, ಬರುವುದರಿಂದ ಕೊಯ್ಯಬೇಕಾದದ್ದು 395.4 × 214.0. ಯಾವ ಹಲಗೆಯ ಯಾವ ಅಂಚಿಗೆ ಬ್ಯಾಂಡ್ ಬರುತ್ತದೆ ಎಂಬುದು ತಂತ್ರಾಂಶಕ್ಕೆ ತಾನಾಗಿ ತಿಳಿಯದು. ಪಟ್ಟಿಯನ್ನು ಲೆಕ್ಕದ ಹಾಳೆಗಳ ಉಚಿತ ತಂತ್ರಾಂಶವಾದ ಲಿಬ್ರೆಆಫೀಸ್ ಕ್ಯಾಲ್ಕ್‌ಗೆ ತಂದು, ‘ಮುಗಿದ ಅಳತೆ’, ‘ಬ್ಯಾಂಡ್ ಬರುವ ಅಂಚು’, ‘ಕೊಯ್ಯುವ ಅಳತೆ’ ಎಂದು ಮೂರು ಅಂಕಣ ಮಾಡಿ, ಹಲಗೆಗಳ ಹೆಸರನ್ನು ಕನ್ನಡದಲ್ಲೇ ಬರೆದು ಅಚ್ಚು ಹಾಕಿದೆ.

ನಿಜ ಹೇಳಬೇಕೆಂದರೆ, ಡ್ರಾಯರ್‌ಗಳಿಲ್ಲದ ಸಾದಾ ಕಪಾಟಿಗೆ ಈ ಕ್ಯಾಲ್ಕ್ ಹಾಳೆಯೊಂದೇ ಸಾಕು. ಸೂತ್ರಗಳು ಅವೇ, ಚಿತ್ರ ಮಾತ್ರ ಇರುವುದಿಲ್ಲ. ಚಿತ್ರದ ಪ್ರಯೋಜನವೆಂದರೆ ಸೂತ್ರದಲ್ಲಿ ತಪ್ಪಿದ್ದರೆ ಹಲಗೆಗಳ ನಡುವೆ ಸಂದು ಕಾಣುವುದು.

ಹಾಳೆಯ ಮೇಲೆ ತುಂಡುಗಳನ್ನು ಕೂರಿಸಲು ‘ಕಟ್‌ಲಿಸ್ಟ್ ಆಪ್ಟಿಮೈಸರ್’ ಎಂಬ ಜಾಲತಾಣವನ್ನು ಬಳಸಿದೆ. ಉಚಿತ ಬಳಕೆಗೆ ಮಿತಿ ಇದ್ದರೂ ಒಂದು ಮೇಜಿಗೆ ಧಾರಾಳ. 8 × 4 ಅಡಿಯ ಹಾಳೆ ಎಂದರೆ 2440 × 1220 ಮಿ.ಮೀ.; ಸಾಗಣೆಯಲ್ಲಿ ಜಜ್ಜಿದ ಅಂಚುಗಳಿಗೆಂದು ಸುತ್ತಲೂ 5 ಕಳೆದು 2430 × 1210 ಎಂದು ಕೊಟ್ಟೆ. ಗರಗಸದ ಅಲಗು ತಿನ್ನುವ ಜಾಗ 3 ಮಿ.ಮೀ. ತುಂಡುಗಳನ್ನು ತಿರುಗಿಸಲು ಒಪ್ಪಿಗೆ ಕೊಟ್ಟಾಗ ಅದು ಬದಿಯ ಹಲಗೆಯೊಂದನ್ನು ಅಡ್ಡ ಮಲಗಿಸಿತು. ಪ್ಲೈವುಡ್ಡಿಗೆ ಅದರಿಂದ ತೊಂದರೆಯಿಲ್ಲ, ಆದರೆ ಲ್ಯಾಮಿನೇಟೂ ಅದೇ ಗಾತ್ರದ ಹಾಳೆಯಲ್ಲಿ ಬರುತ್ತದೆ, ಅದರ ಮರದ ಗೆರೆಗಳು ಉದ್ದಕ್ಕೇ ಇರುತ್ತವೆ. ಒಂದೇ ನಕ್ಷೆಯಲ್ಲಿ ಎರಡನ್ನೂ ಕತ್ತರಿಸುವ ಉದ್ದೇಶವಿದ್ದರೆ ತಿರುಗಿಸುವ ಒಪ್ಪಿಗೆಯನ್ನು ತೆಗೆದುಬಿಡಬೇಕು. ತೆಗೆದ ಮೇಲೂ ಎಲ್ಲವೂ ಒಂದೇ ಹಾಳೆಯಲ್ಲಿ ಕೂತವು: 550ರ ಮೊದಲ ಪಟ್ಟಿಯಲ್ಲಿ ಮೇಲ್ಹಲಗೆ, ಎಡಬದಿಯ ಹಲಗೆ, ಪೆಟ್ಟಿಗೆಯ ತಳ, ಉಳಿದ ಪಟ್ಟಿಯಲ್ಲಿ ಪೆಟ್ಟಿಗೆಯ ಎರಡು ಬದಿ, ಮೂರು ಮುಂಫಲಕ, ಪೀಠಪಟ್ಟಿ. ಇದನ್ನೇ ಗ್ರಾಫ್ ಕಾಗದದಲ್ಲಿ 1:20ರಲ್ಲಿ ಮಾಡಿದರೆ ಹಾಳೆ 122 × 61 ಮಿ.ಮೀ. ಆಗುತ್ತದೆ, ತುಂಡುಗಳನ್ನು ಕತ್ತರಿಸಿ ಜರುಗಿಸಿ ನೋಡಲು ಎ4 ಕಾಗದ ಸಾಕು. ಇಂಟರ್ನೆಟ್ ಇಲ್ಲದ ದಿನಕ್ಕೆ ಅದೂ ಒಂದು ದಾರಿ.

ಹಂತ 7: ಕೊಯ್ತ ಮತ್ತು ಜೋಡಣೆ

ಉದ್ದದ ಕೊಯ್ತಗಳನ್ನು ಇಡೀ ಹಾಳೆ ಕೊಯ್ಯುವ ಗರಗಸ ಯಂತ್ರ (ಪ್ಯಾನೆಲ್ ಸಾ) ಇರುವ ಕಾರ್ಖಾನೆಯೊಂದರಲ್ಲಿ ಮಾಡಿಸಿ, ಸಣ್ಣ ತುಂಡುಗಳನ್ನು ಮನೆಯಲ್ಲೇ ಕೊಯ್ದೆ. ಅಲ್ಲಿನ ಮೇಸ್ತ್ರಿ ಪಟ್ಟಿ ನೋಡಿ, ‘ಇಂಚು ನೂಲಿನಾಗ ಬರಕೊಡ್ರಿ ಸರ್, ಬೇಗ ಆಕ್ಕತಿ’ ಎಂದರು. ಒಂದು ನೂಲೆಂದರೆ ಇಂಚಿನ ಎಂಟನೇ ಒಂದು ಪಾಲು, 3.175 ಮಿ.ಮೀ. 335.6ನ್ನು 13 ಇಂಚು 2 ನೂಲು ಎಂದರೆ 336.55 ಆಗುತ್ತದೆ, ಒಂದೂವರೆ ನೂಲು ಎಂದರೆ 334.96ಕ್ಕೆ ಇಳಿಯುತ್ತದೆ. ಕಿಟಕಿ, ಬಾಗಿಲಿಗೆ ನೂಲಿನ ಲೆಕ್ಕ ಚೆನ್ನಾಗಿ ನಡೆಯುತ್ತದೆ. ಚಾನೆಲ್ ಇರುವ ಕಡೆ ಮಿಲಿಮೀಟರೇ ಇರಲಿ ಎಂದು ಅವರನ್ನು ಒಪ್ಪಿಸಿದೆ.

ಡ್ರಾಯರ್‌ನ ತುಂಡುಗಳನ್ನು ಮಾತ್ರ ಮೊದಲೇ ಕೊಯ್ಯಲಿಲ್ಲ. ಪೆಟ್ಟಿಗೆಗೆ ಲ್ಯಾಮಿನೇಟ್ ಅಂಟಿಸಿ, ಸ್ಕ್ರೂ ಹಾಕಿ, ಮೂಲೆಮಟ್ಟದಿಂದ ನೋಡಿ ನಿಲ್ಲಿಸಿದ ಮೇಲೆ ಒಳ ಅಗಲವನ್ನು ಮುಂದೆ, ಹಿಂದೆ, ಮೇಲೆ, ಕೆಳಗೆ ಅಳೆದಾಗ 361.4ರಿಂದ 361.9ರ ತನಕ ಬಂತು. ಲೆಕ್ಕದ 361.6 ಇದರ ನಡುವೆಯೇ ಇದ್ದುದರಿಂದ ಪಟ್ಟಿಯನ್ನು ತಿದ್ದದೆ ಡ್ರಾಯರ್‌ಗಳನ್ನು ಕೊಯ್ದೆ. 18 ಇಂಚಿನದೆಂದು ಮಾರುವ 450 ಮಿ.ಮೀ.ಯ ಚಾನೆಲ್‌ಗಳು ಮೊದಲ ಸಲಕ್ಕೇ ಓಡಿದವು. ಕೆಳಗಿನ ಡ್ರಾಯರ್‌ಗೆ ಒಂದು ಬದಿ ತೆಳು ತಗಡು ಕೊಡಬೇಕಾಯಿತು.

ಸಾಮಾನಿನ ಖರ್ಚು: ಭಾರತೀಯ ಮಾನಕ ಐ.ಎಸ್. 303ರ ಬಿ.ಡಬ್ಲ್ಯು.ಆರ್. (ಕುದಿನೀರು ತಡೆಯುವ) ದರ್ಜೆಯ 18 ಮಿ.ಮೀ. ಹಾಳೆ ಒಂದಕ್ಕೆ 2,816 ರೂಪಾಯಿ, 12 ಮಿ.ಮೀ.ಯದಕ್ಕೆ 2,112, ಲ್ಯಾಮಿನೇಟ್ 1,450, ಲೈನರ್ 650. ಚಾನೆಲ್, ಹಿಡಿ, ಬ್ಯಾಂಡ್, ಅಂಟು, ಸ್ಕ್ರೂ ಸೇರಿ 1,950. ಕೊಯ್ತ ಮತ್ತು ಗೂಡ್ಸ್ ಆಟೋ 900. ಒಟ್ಟು 9,878. ಡ್ರಾಯರ್ ತಳದ 6 ಮಿ.ಮೀ. ತುಂಡುಗಳು ಮನೆಯಲ್ಲೇ ಇದ್ದವು. ನೀರು ಬೀಳುವ ಅಡುಗೆಮನೆಗಾದರೆ ಐ.ಎಸ್. 710ರ ಹಾಳೆ, ಅಂದರೆ ಮರೀನ್ ಪ್ಲೈವುಡ್, ಬೇಕು. ಓದುವ ಮೇಜಿಗೆ ಆ ಖರ್ಚು ಬೇಡ.

ಗೋಡೆಯ ಕಡೆ ಉಳಿದ ಸಂದಿಗೆ ಓರೆ ಪಟ್ಟಿಯೊಂದನ್ನು ಕೂರಿಸುವುದು ಇನ್ನೂ ಬಾಕಿ ಇದೆ. ಗೋಡೆಯ ಉಬ್ಬುತಗ್ಗು ಯಾವ ಸೂತ್ರಕ್ಕೂ ಸಿಗದ್ದರಿಂದ ಅದನ್ನು ತಂತ್ರಾಂಶದಲ್ಲಿ ಬರೆಯುವ ಗೋಜಿಗೆ ಹೋಗದೆ, ರಟ್ಟಿನ ತುಂಡನ್ನು ಗೋಡೆಗೆ ಒತ್ತಿ ಪೆನ್ಸಿಲ್‌ನಿಂದ ಗೆರೆ ಎಳೆದುಕೊಂಡಿದ್ದೇನೆ. ಮೇಜಿನ ಮೇಲಿನ ಪುಸ್ತಕದ ಗೂಡಿಗೆ ಇದೇ ಫ್ರೀಕ್ಯಾಡ್ ಕಡತದ ಪ್ರತಿ ತೆಗೆದು ಅಗಲ, ಎತ್ತರ ಬದಲಿಸಿ ಇಟ್ಟಿದ್ದೇನೆ. ದಪ್ಪದ ಕೋಶ ಮಾತ್ರ, ಹೊಸ ಹಾಳೆ ಮನೆಗೆ ಬಂದು ವರ್ನಿಯರ್ ಹಿಡಿಯುವ ತನಕ, ಖಾಲಿ ಇರುತ್ತದೆ.